ಜಾಥಾ ಮುಗಿದ ಮೇಲೆ

ಜೂನ್ 26ರ ಬೆಳಿಗ್ಗೆ ರಾಜ್ಯದ ಯಾವ ತಾಲ್ಲೂಕು ಕೇಂದ್ರದಲ್ಲಿ ನಿಂತರೂ ಒಂದು ಮೆರವಣಿಗೆ ಎದುರಾಗುವ ಸಂಭವ ಹೆಚ್ಚು. ಸಮವಸ್ತ್ರ ತೊಟ್ಟ ಪಿಯು ಕಾಲೇಜಿನ ಮಕ್ಕಳು ಎರಡು ಸಾಲಿನಲ್ಲಿ ಬರುತ್ತಾರೆ. ಮುಂದೆ ಫ್ಲೆಕ್ಸ್ ಹಿಡಿದ ನಾಲ್ಕು ಜನ, ಪಕ್ಕದಲ್ಲಿ ಸೀಟಿ ಊದುವ ಪಿ.ಟಿ. ಮೇಷ್ಟ್ರು, ಹಿಂದೆ ಮೈಕು ಕಟ್ಟಿದ ಆಟೊ. ‘ಬೇಕೇ ಬೇಕು’ ಎಂದು ಮೈಕು ಕೂಗಿದರೆ ‘ವ್ಯಸನಮುಕ್ತ ಸಮಾಜ ಬೇಕು’ ಎಂದು ಸಾಲು ದನಿಗೂಡಿಸುತ್ತದೆ. ತಾಲ್ಲೂಕು ಕಚೇರಿಯಿಂದ ಹೊರಟು, ಬಸ್ ನಿಲ್ದಾಣ ಸುತ್ತಿ, ಮತ್ತೆ ಕಾಲೇಜಿನ ಸಭಾಂಗಣಕ್ಕೆ ಬಂದರೆ ಅಲ್ಲಿ ಪ್ರತಿಜ್ಞಾವಿಧಿ, ಪೊಲೀಸ್ ಅಧಿಕಾರಿಯ ಭಾಷಣ, ವೈದ್ಯಾಧಿಕಾರಿಯ ಭಾಷಣ, ಬಿಸ್ಕತ್ತು, ಚಹಾ. ಮಧ್ಯಾಹ್ನದೊಳಗೆ ಜಿಯೊ ಟ್ಯಾಗ್ ಮಾಡಿದ ಫೋಟೊಗಳು ಕಾಲೇಜಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿರುತ್ತವೆ, ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ. ಪದವಿ ಕಾಲೇಜಾದರೆ ಮುಂದೊಂದು ದಿನ ಮೌಲ್ಯಮಾಪನಕ್ಕೆ ನ್ಯಾಕ್ ತಂಡ ಬಂದಾಗ ‘ವಿಸ್ತರಣಾ ಚಟುವಟಿಕೆ’ ಫೈಲಿನಲ್ಲಿ ಅವೇ ಫೋಟೊಗಳು ಇನ್ನೊಮ್ಮೆ ಕೆಲಸಕ್ಕೆ ಬರುತ್ತವೆ.

ಆ ಮಕ್ಕಳನ್ನು ಗೇಲಿ ಮಾಡಲು ಇದನ್ನು ಬರೆಯುತ್ತಿಲ್ಲ. ಕೂಗುವಾಗ ಅವರ ದನಿಯಲ್ಲಿ ಕಾಪಟ್ಯ ಇರುವುದಿಲ್ಲ. ಎಷ್ಟೋ ಮಕ್ಕಳ ಮನೆಯಲ್ಲೇ ಕುಡಿಯುವ ಅಪ್ಪನೋ ಚಿಕ್ಕಪ್ಪನೋ ಇರುತ್ತಾರೆ. ನನ್ನ ಪ್ರಶ್ನೆ ಬೇರೆ. ಕುಡಿತ ಕೆಟ್ಟದ್ದು ಎಂದು ಗೊತ್ತಿಲ್ಲದವರು ಆ ಬಸ್ ನಿಲ್ದಾಣದಲ್ಲಿ ಯಾರಿದ್ದರು? 2016ರಿಂದ ತಂಬಾಕಿನ ಪೊಟ್ಟಣದ ಶೇ 85ರಷ್ಟು ಜಾಗದಲ್ಲಿ ಎಚ್ಚರಿಕೆಯ ಚಿತ್ರವಿದೆ, ನೋಡಿದರೆ ಹೊಟ್ಟೆ ತೊಳಸುವಂಥದ್ದು. ಆ ಚಿತ್ರವನ್ನೇ ಹಲ್ಲಿನಿಂದ ಹರಿದು ಒಳಗಿನದನ್ನು ಕೆನ್ನೆಗೆ ಒತ್ತಿಕೊಳ್ಳುವವನಿಗೆ ನಮ್ಮ ಘೋಷಣೆ ಹೊಸದೇನು ಹೇಳೀತು? ವೈನ್ ಶಾಪಿನ ಷಟರ್ ಏಳುವ ಮೊದಲೇ ಮೆಟ್ಟಿಲ ಮೇಲೆ ಕಾಯುವವನಿಗೆ ಲಿವರ್ ಹಾಳಾಗುತ್ತದೆಂಬುದು ತಿಳಿದೇ ಇದೆ. ಆದರೆ ಈಗ ಅವನ ಕೈ ನಡುಗುತ್ತಿದೆ, ಆ ನಡುಕ ನಿಲ್ಲಬೇಕು.

ಈ ದಿನಾಚರಣೆಗೊಂದು ಚರಿತ್ರೆ ಇದೆ, ಭಾಷಣಗಳಲ್ಲಿ ಅದು ಬರುವುದು ಕಡಿಮೆ. 1987ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಜೂನ್ 26ನ್ನು ಮಾದಕ ವಸ್ತು ವಿರೋಧಿ ದಿನವೆಂದು ಗೊತ್ತುಮಾಡಿತು. 1839ರ ಜೂನ್‌ನಲ್ಲಿ ಚೀನಾದ ಹೂಮೆನ್ ಎಂಬಲ್ಲಿ ಲಿನ್ ಝೆಕ್ಸು ಎಂಬ ಅಧಿಕಾರಿ ಬ್ರಿಟಿಷ್ ವರ್ತಕರಿಂದ ವಶಪಡಿಸಿಕೊಂಡ ಅಫೀಮನ್ನು ನಾಶ ಮಾಡಿಸಿದ ನೆನಪು ಆ ದಿನದ ಹಿಂದಿದೆ ಎನ್ನುತ್ತಾರೆ. ಆ ಅಫೀಮಿನ ಬಹುಪಾಲು ಬೆಳೆದದ್ದು ನಮ್ಮಲ್ಲೇ, ಬಿಹಾರದ ಮತ್ತು ಮಾಳವದ ಹೊಲಗಳಲ್ಲಿ. ಕಂಪನಿ ಸರ್ಕಾರಕ್ಕೆ ಅದು ದೊಡ್ಡ ವರಮಾನ. ಖಜಾನೆಗೂ ಅಮಲಿಗೂ ಇರುವ ಹಳೆಯ ನೆಂಟಸ್ತಿಕೆಯ ಮಾತು ಮುಂದೆ ಬರುತ್ತದೆ.

ಮೊದಲು ಒಂದು ಲೆಕ್ಕ ನೋಡೋಣ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. 10ರಿಂದ 75 ವರ್ಷದೊಳಗಿನವರಲ್ಲಿ ಶೇ 14.6 ಮಂದಿ, ಅಂದರೆ ಸುಮಾರು 16 ಕೋಟಿ ಜನ, ಮದ್ಯ ಸೇವಿಸುತ್ತಾರೆ. ಅವರಲ್ಲಿ 5.7 ಕೋಟಿ ಜನರಿಗೆ ಅದರಿಂದ ತೊಂದರೆಯಾಗಿದೆ, ನೆರವು ಬೇಕಾಗಿದೆ. ಗಾಂಜಾ, ಭಂಗಿಯಂಥವನ್ನು ಬಳಸುವವರು ಸುಮಾರು 3.1 ಕೋಟಿ. ದ್ರಾವಕಗಳ ಆವಿ ಮೂಸುವ ಚಟ ಮಾತ್ರ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು. ಬೆಂಗಳೂರಿನ ಮೇಲ್ಸೇತುವೆಗಳ ಕೆಳಗೆ ‘ಸಲ್ಯೂಷನ್’ ಬಟ್ಟೆಯನ್ನು ಮೂಗಿಗೆ ಹಿಡಿದು ಕೂತ ಹುಡುಗರನ್ನು ಕಂಡವರಿಗೆ ಇದು ಹೊಸ ಸುದ್ದಿಯಲ್ಲ. ವರದಿಯ ಇನ್ನೊಂದು ಸಾಲನ್ನು ಮಾತ್ರ ಜಾಥಾದ ಫ್ಲೆಕ್ಸ್ ಮೇಲೆ ನಾನು ಕಂಡಿಲ್ಲ. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಬಗೆಯ ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಯಲ್ಲಿ ಉಳಿದು ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು.

ಉಳಿದ 37 ಜನಕ್ಕೆ ಕೊರತೆಯಾದದ್ದು ತಿಳಿವಳಿಕೆ ಎಂದು ನನಗನ್ನಿಸುವುದಿಲ್ಲ. ಮನೆಯಿಂದ ಆಸ್ಪತ್ರೆಯವರೆಗಿನ ದಾರಿ ಅವರಿಗೆ ಸಿಗಲಿಲ್ಲ. ನಾಚಿಕೆ ತಡೆಯಿತು, ದುಡ್ಡು ತಡೆಯಿತು, ಎಲ್ಲಿಗೆ ಹೋಗಬೇಕು ಎಂಬುದೇ ಗೊತ್ತಾಗಲಿಲ್ಲ, ಜೊತೆಗೆ ಬರುವವರಿರಲಿಲ್ಲ. ವಿದ್ಯಾರ್ಥಿಗಳು ಕೈಹಾಕಬೇಕಾದ ಕೆಲಸ ಈ ದಾರಿಯದು, ಮತ್ತು ಅದು ಅವರಿಂದ ಆಗುವಂಥದ್ದು.

ಹೆದರಿಸಿ ಬಿಡಿಸುತ್ತೇವೆ ಎಂಬ ನಂಬಿಕೆಯ ಗತಿ ಏನಾಯಿತೆಂದು ನೋಡಲು ಅಮೆರಿಕದ ‘ಡೇರ್’ ಕಾರ್ಯಕ್ರಮ ಸಾಕು. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ ಅದರಲ್ಲಿ ಸಮವಸ್ತ್ರದ ಪೊಲೀಸರು ಶಾಲೆಗಳಿಗೆ ಬಂದು ಪಾಠ ಮಾಡುತ್ತಿದ್ದರು. ದೇಶದ ತುಂಬ ಹಬ್ಬಿತು, ಟೀ ಶರ್ಟು, ಪೆನ್ಸಿಲ್ಲು, ಪ್ರಮಾಣಪತ್ರ ಎಲ್ಲ ಬಂದವು. ಆ ಪಾಠ ಕೇಳಿದ ಮಕ್ಕಳನ್ನು ಹತ್ತು ವರ್ಷಗಳ ನಂತರ ಹುಡುಕಿ ನೋಡಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು: ಕೇಳಿದವರಿಗೂ ಕೇಳದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ವಿಶ್ವಸಂಸ್ಥೆಯ ಮಾದಕ ವಸ್ತು ಕಚೇರಿ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ 2018ರಲ್ಲಿ ಹೊರತಂದ ಮಾನದಂಡಗಳಲ್ಲಿ ಶಾಲೆಗಳಲ್ಲಿ ಏನು ಫಲ ಕೊಡದು, ಕೆಲವೊಮ್ಮೆ ಏನು ತಿರುಗುಬಾಣವಾಗುತ್ತದೆ ಎಂಬ ವಿವರವಿದೆ. ಏಕಮುಖ ಭಾಷಣ, ಭಯ ಹುಟ್ಟಿಸುವ ಮಾಹಿತಿ, ಚಟ ಬಿಟ್ಟವರನ್ನು ವೇದಿಕೆಗೆ ಕರೆದು ಕತೆ ಹೇಳಿಸುವುದು, ಪೊಲೀಸರಿಂದ ಪಾಠ. ನಮ್ಮ ಜೂನ್ 26ರ ಕಾರ್ಯಕ್ರಮ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಇದನ್ನು ಓದಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಹಾಗಾದರೆ ಫಲ ಕೊಟ್ಟದ್ದೇನು? ಉತ್ತರಕ್ಕೆ ಅಮೆರಿಕಕ್ಕೆ ಹೋಗಬೇಕಿಲ್ಲ, ಚೆನ್ನೈವರೆಗೆ ಹೋದರೆ ಸಾಕು. 2004ರಿಂದ 2006ರವರೆಗೆ ದೆಹಲಿ ಮತ್ತು ಚೆನ್ನೈಗಳ 32 ಶಾಲೆಗಳಲ್ಲಿ ‘ಮೈತ್ರಿ’ ಎಂಬ ಯೋಜನೆ ನಡೆಯಿತು. ತಂಬಾಕು ಅದರ ವಸ್ತು. 6 ಮತ್ತು 8ನೇ ತರಗತಿಯ ಮಕ್ಕಳು ಅದರ ಬಳಗ. ಅರ್ಧದಷ್ಟು ಶಾಲೆಗಳಲ್ಲಿ ಕಾರ್ಯಕ್ರಮ, ಉಳಿದರ್ಧದಲ್ಲಿ ಇಲ್ಲ. ಕೊನೆಗೆ ಹೋಲಿಸಿ ನೋಡುವುದು. ಕಾರ್ಯಕ್ರಮದ ಶಾಲೆಗಳಲ್ಲಿ ಪಾಠ ನಡೆಸಿದವರು ಬಹುಮಟ್ಟಿಗೆ ತರಗತಿಯಿಂದಲೇ ಬಂದ ಮುಂದಾಳು ಮಕ್ಕಳು. ಆಟ, ಗುಂಪು ಚರ್ಚೆ, ಗೋಡೆಯ ಮೇಲೆ ಪೋಸ್ಟರು, ಅಪ್ಪ ಅಮ್ಮನಿಗೆ ಮಕ್ಕಳ ಕೈಯಲ್ಲಿ ಹೋಗುವ ಅಂಚೆ ಕಾರ್ಡು, ಶಾಲೆಯ ಆಚೆಗೆ ಮಕ್ಕಳೇ ನಡೆಸುವ ಚಟುವಟಿಕೆ. ಎರಡು ವರ್ಷ ಕಳೆದ ಮೇಲೆ ನೋಡಿದರೆ ಕಾರ್ಯಕ್ರಮ ಇಲ್ಲದ ಶಾಲೆಗಳಲ್ಲಿ ತಂಬಾಕು ಬಳಕೆ ಶೇ 68ರಷ್ಟು ಏರಿತ್ತು, ಇದ್ದ ಶಾಲೆಗಳಲ್ಲಿ ಶೇ 17ರಷ್ಟು ಇಳಿದಿತ್ತು. ಶುರುವಿನ ಸಮೀಕ್ಷೆಯಲ್ಲಿ ಕಂಡ ಇನ್ನೊಂದು ಸಂಗತಿ ಇನ್ನೂ ಹೆಚ್ಚು ಯೋಚನೆಗೆ ಹಚ್ಚುವಂಥದ್ದು: 8ನೇ ತರಗತಿಯವರಿಗಿಂತ 6ನೇ ತರಗತಿಯ ಮಕ್ಕಳಲ್ಲೇ ತಂಬಾಕಿನ ಬಳಕೆ ಎರಡರಿಂದ ನಾಲ್ಕು ಪಟ್ಟು ಹೆಚ್ಚಿತ್ತು. ನಾವು ಪಿಯು ಕಾಲೇಜಿಗೆ ಬಂದು ಎಚ್ಚರಿಕೆ ಹೇಳುವ ಹೊತ್ತಿಗೆ ಐದಾರು ವರ್ಷ ತಡವಾಗಿರುತ್ತದೆ.

ಮೈತ್ರಿಯ ಗುಟ್ಟು ಎರಡು. ಹೇಳುವವರೂ ಕೇಳುವವರೂ ಒಂದೇ ವಯಸ್ಸಿನವರು. ಮತ್ತು ಅದು ಎರಡು ವರ್ಷ ನಡೆಯಿತು, ಎರಡು ತಾಸಲ್ಲ.

ದೀರ್ಘವಾಗಿ ಊರಿನ ಜೊತೆ ಇರುವ ಅವಕಾಶ ನಮ್ಮ ವಿದ್ಯಾರ್ಥಿಗಳಿಗೆ ಎಲ್ಲಿದೆ ಎಂದು ಕೇಳಬಹುದು. ಇದೆ. ರಾಷ್ಟ್ರೀಯ ಸೇವಾ ಯೋಜನೆ, ಎಲ್ಲರ ಬಾಯಲ್ಲಿ ಎನ್ನೆಸ್ಸೆಸ್, ಗಾಂಧಿ ಜನ್ಮಶತಮಾನೋತ್ಸವದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಶುರುವಾಯಿತು. ಸ್ವಯಂಸೇವಕ ವರ್ಷಕ್ಕೆ 120 ತಾಸು ಕೆಲಸ ಮಾಡಬೇಕು. ಅದರ ಮೇಲೆ ಏಳು ದಿನದ ವಿಶೇಷ ಶಿಬಿರ. ಆ ಶಿಬಿರಕ್ಕೆ ಹೋದವರು ಅದನ್ನು ಬದುಕಿಡೀ ನೆನೆಯುತ್ತಾರೆ. ಊರ ಶಾಲೆಯ ಜಮಖಾನದ ಮೇಲೆ ಮಲಗುವುದು, ಬೆಳಗಾದರೆ ಪ್ರಭಾತಫೇರಿ, ಚರಂಡಿ ಕೆಲಸ, ಮಧ್ಯಾಹ್ನ ಉಪನ್ಯಾಸ, ರಾತ್ರಿ ಸಾಂಸ್ಕೃತಿಕ ಕಾರ್ಯಕ್ರಮ. ಅದರಲ್ಲಿ ವ್ಯಸನಮುಕ್ತಿಯ ಬೀದಿನಾಟಕ ಇಲ್ಲದ ಶಿಬಿರ ಅಪರೂಪ.

ಆ ನಾಟಕದ ಬಗ್ಗೆ ಒಂದು ಮಾತು. 1979ರಲ್ಲಿ ‘ಸಮುದಾಯ’ ರಂಗತಂಡದ ಜಾಥಾ ರಾಜ್ಯ ಸುತ್ತಿದ ಕಾಲದಿಂದ ಬೀದಿನಾಟಕ ನಮ್ಮ ಕಾಲೇಜು ಹುಡುಗರ ಕೈಗೆ ಬಂದ ಒಳ್ಳೆಯ ಹತಾರ. ವ್ಯಸನದ ನಾಟಕಗಳಲ್ಲಿ ಮಾತ್ರ ಅದು ಮೊಂಡಾಗಿದೆ. ತಂಡದ ಅತ್ಯುತ್ತಮ ನಟನಿಗೆ ಕುಡುಕನ ಪಾತ್ರ ಹೋಗುತ್ತದೆ. ಅವನು ತೂರಾಡುತ್ತಾನೆ, ಲುಂಗಿ ಜಾರುತ್ತದೆ, ಯಮಧರ್ಮನ ಜೊತೆ ಜಗಳ ಕಾಯುತ್ತಾನೆ, ಊರು ಬಿದ್ದು ಬಿದ್ದು ನಗುತ್ತದೆ. ಗಂಡನನ್ನು ದಿನಾ ಕಟ್ಟೆಯ ಮೇಲಿಂದ ಎತ್ತಿ ತರುವ ಹೆಂಗಸು ಆ ಜನರ ನಡುವೆಯೇ ಕೂತಿರುತ್ತಾಳೆ. ಅವಳ ಮನೆಯ ಸಂಕಟ ಊರಿನ ನಗೆಯಾಟವಾದ ಮೇಲೆ ನಾಳೆ ಅದೇ ಹುಡುಗರ ಹತ್ತಿರ ಬಂದು ಅವಳು ಬಾಯಿ ಬಿಡುವಳೇ? ಬ್ರೆಜಿಲ್‌ನ ರಂಗಕರ್ಮಿ ಅಗಸ್ತೊ ಬೋಲ್ ತೋರಿಸಿದ ಇನ್ನೊಂದು ದಾರಿಯಿದೆ: ನಾಟಕವನ್ನು ಬಿಕ್ಕಟ್ಟಿನ ಹಂತದಲ್ಲಿ ನಿಲ್ಲಿಸಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಪ್ರೇಕ್ಷಕರನ್ನೇ ರಂಗಕ್ಕೆ ಕರೆಯುವುದು. ಸಂಬಳದ ದಿನ ಸಂಜೆ ಗೆಳೆಯರು ‘ಒಂದು ನೈಂಟಿ ಅಷ್ಟೇ ಬಾರೋ’ ಎಂದು ಎಳೆಯುತ್ತಾರೆ, ಹೇಗೆ ತಪ್ಪಿಸಿಕೊಳ್ಳುತ್ತೀಯ? ಇಂಥ ಪ್ರಶ್ನೆಗೆ ಊರಿನ ಹುಡುಗರು ಕೊಡುವ ಉತ್ತರಗಳು ಯಾವ ಉಪನ್ಯಾಸಕರಿಗೂ ಹೊಳೆಯುವಂಥವಲ್ಲ.

ಶಿಬಿರದಲ್ಲಿ ನನ್ನ ಕಣ್ಣಿಗೆ ಮುಖ್ಯವಾಗಿ ಕಾಣುವುದು ಕಾರ್ಯಕ್ರಮಪಟ್ಟಿಯಲ್ಲಿ ಇಲ್ಲದ ಹೊತ್ತು. ಮೂರನೆಯದೋ ನಾಲ್ಕನೆಯದೋ ದಿನದ ಸಂಜೆ, ನೀರು ತರಲು ಹೋದ ಹುಡುಗಿಯರ ಜೊತೆ ಓಣಿಯ ಹೆಂಗಸರು ಮಾತಿಗೆ ನಿಲ್ಲುತ್ತಾರೆ. ‘ನಿಮ್ಮಪ್ಪ ಕುಡೀತಾನೇನವ್ವಾ?’ ಎಂದು ಮೊದಲು ಅವರೇ ಕೇಳುತ್ತಾರೆ. ‘ಕುಡೀತಾನೆ ಅಕ್ಕಾ’ ಎಂದು ಒಬ್ಬಳು ಹೇಳಿದರೆ ಮುಗಿಯಿತು, ಕಟ್ಟೆ ಒಡೆದ ಹಾಗೆ. ಯಾವ ಕಿರಾಣಿ ಅಂಗಡಿಯಲ್ಲಿ ಕದ್ದು ಮಾರುತ್ತಾರೆ, ಟೆಟ್ರಾ ಪ್ಯಾಕಿಗೆ ಎಷ್ಟು ಹೆಚ್ಚು ತಗೊಳ್ಳುತ್ತಾರೆ, ಸಂಘದ ಸಾಲದ ದುಡ್ಡು ಎಲ್ಲಿ ಹೋಯಿತು, ಎಲ್ಲ ಹೊರಬರುತ್ತದೆ. ಅಧಿಕಾರಿಗೆ, ವೈದ್ಯರಿಗೆ, ಪತ್ರಕರ್ತರಿಗೆ ಈ ಬಾಗಿಲು ತೆರೆಯದು. ಬೀದಿಯಲ್ಲಿ ಬಟ್ಟಲು ಹಿಡಿದು ಊಟ ಮಾಡಿದ ಮಕ್ಕಳಿಗೆ ತೆರೆಯುತ್ತದೆ.

ತೆರೆದ ಬಾಗಿಲ ಮುಂದೆ ನಿಂತು ಹೇಳುವುದೇನು? ಇಲ್ಲಿ ತಯಾರಿ ಇಲ್ಲದಿದ್ದರೆ ಒಳ್ಳೆಯ ಮನಸ್ಸೇ ಅಪಾಯ ತರುತ್ತದೆ. ವರ್ಷಗಟ್ಟಲೆ ದಿನವೂ ಕುಡಿಯುತ್ತ ಬಂದವನಿಗೆ ‘ನಾಳೆಯಿಂದಲೇ ಬಿಡಿ, ಮನಸ್ಸು ಗಟ್ಟಿ ಮಾಡಿ’ ಎಂದು ಹೇಳಿ ಬರುವುದು ಸುಲಭ. ಅವನು ನಿಜವಾಗಿ ಬಿಟ್ಟರೆ? ಮದ್ಯಕ್ಕೆ ಒಗ್ಗಿಹೋದ ಮಿದುಳು ಅದು ಸಿಗದ ಕೂಡಲೇ ಕೆರಳುತ್ತದೆ. ಮೊದಲು ನಡುಕ, ಬೆವರು, ವಾಕರಿಕೆ, ನಿದ್ದೆಗೇಡು. ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಇಲ್ಲದ್ದು ಕಾಣುತ್ತದೆ, ಗೋಡೆಯ ಮೇಲೆ ಹುಳ ಹರಿದಂತಾಗುತ್ತದೆ, ಮನೆಯವರ ಗುರುತು ಸಿಗುವುದಿಲ್ಲ. ಊರಿನವರು ಗಾಳಿ ಸೋಕಿತೆಂದು ತಾಯತ ಕಟ್ಟಿಸಲು ಹೋಗುತ್ತಾರೆ. ಅಷ್ಟು ಹೊತ್ತಿಗೆ ಜೀವಕ್ಕೇ ಕುತ್ತು ಬಂದಿರಬಹುದು. ಇದನ್ನು ತಡೆಯಲು ಕೆಲವು ದಿನಗಳ ಮಾತ್ರೆ, ಬಿ1 ಜೀವಸತ್ವದ ಚುಚ್ಚುಮದ್ದು, ವೈದ್ಯರ ಕಣ್ಗಾವಲು ಸಾಕು, ಕಷ್ಟವಾದ ಚಿಕಿತ್ಸೆಯಲ್ಲ. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂದು ಮದ್ಯದಂಗಡಿಗಳು ಒಂದೇ ಏಟಿಗೆ ಮುಚ್ಚಿದಾಗ ಇಂಥ ತೀವ್ರ ಲಕ್ಷಣಗಳಿಂದ ಬೆಂಗಳೂರಿನ ಆಸ್ಪತ್ರೆಗಳಿಗೆ ಬರುವವರು ಹೆಚ್ಚಾದದ್ದನ್ನು ನಿಮ್ಹಾನ್ಸ್ ವೈದ್ಯರು ದಾಖಲಿಸಿದ್ದಾರೆ. ಮೇ 4ರಂದು ಅಂಗಡಿಗಳು ತೆರೆದಾಗಿನ ಸಾಲುಗಳನ್ನು ಟೀವಿ ತೋರಿಸಿತು, ನಾವು ನಕ್ಕೆವು. ಆ ಸಾಲಿನಲ್ಲಿ ನಿಂತ ಕೆಲವರಿಗಾದರೂ ಅದು ಮೋಜಾಗಿರಲಿಲ್ಲ.

ಆದ್ದರಿಂದ ಶಿಬಿರಕ್ಕೆ ಹೊರಡುವ ಮೊದಲು ವಿದ್ಯಾರ್ಥಿಗಳು ಘೋಷಣೆ ಬಾಯಿಪಾಠ ಮಾಡುವ ಬದಲು ನಾಲ್ಕು ಪ್ರಶ್ನೆ ಕಲಿಯಬೇಕು. 1984ರಲ್ಲಿ ಅಮೆರಿಕದ ವೈದ್ಯ ಜಾನ್ ಯೂಯಿಂಗ್ ಪ್ರಕಟಿಸಿದ ಪ್ರಶ್ನೆಗಳಿವು. ಲೋಕದ ತುಂಬ ವೈದ್ಯರು ಬಳಸುತ್ತಾರೆ. ಕುಡಿಯೋದು ಕಡಿಮೆ ಮಾಡಬೇಕು ಅಂತ ಎಂದಾದರೂ ಅನ್ನಿಸಿದೆಯಾ? ಕುಡಿತದ ಬಗ್ಗೆ ಯಾರಾದರೂ ಮಾತಾಡಿದರೆ ಸಿಟ್ಟು ಬಂದಿದೆಯಾ? ತಪ್ಪು ಮಾಡ್ತಿದೀನಿ ಅಂತ ಮನಸ್ಸು ಚುಚ್ಚಿದೆಯಾ? ಬೆಳಿಗ್ಗೆ ಎದ್ದ ಕೂಡಲೇ ಕುಡಿಯಬೇಕಾಗಿ ಬಂದಿದೆಯಾ? ಎರಡಕ್ಕೆ ಹೌದು ಎಂದರೆ ವೈದ್ಯರಿಗೆ ತೋರಿಸುವ ಮಾತೆತ್ತಬಹುದು. ಕೊನೆಯದಕ್ಕೆ ಹೌದು ಎಂದವರಿಗೆ ಒಮ್ಮೆಲೇ ಬಿಡಲು ಹೇಳಲೇಬಾರದು, ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಈ ಪ್ರಶ್ನೆಗಳಲ್ಲಿ ಬೈಗುಳವಿಲ್ಲ, ಉಪದೇಶವಿಲ್ಲ. ಕೇಳುವಾಗ ‘ಯಜಮಾನ್ರೇ’ ಎಂದೋ ‘ಮಾವಾ’ ಎಂದೋ ಕರೆದು ಪಕ್ಕದಲ್ಲಿ ಕೂತು ಕೇಳಬೇಕು. ನಮೂನೆ ತುಂಬುವವರ ಹಾಗೆ ಪೆನ್ನು ಹಿಡಿದು ನಿಂತರೆ ಉತ್ತರ ಸಿಗದು.

ಇನ್ನು ಎಲ್ಲಿಗೆ ಕಳಿಸುವುದು? ಈ ವಿಷಯದಲ್ಲಿ ಕರ್ನಾಟಕದವರು ತೀರ ಬಡವರಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ತಂದು ತೋರಿಸಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿ ಮಾದರಿಯೇ ಬುನಾದಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ‘ಮನೋಚೈತನ್ಯ’ ಕ್ಲಿನಿಕ್ಕಿಗೆ ಮನೋವೈದ್ಯರು ಬರುತ್ತಾರೆ. ಮಂಗಳವಾರ ಸಂತೆಗೆಂದು ತಾಲ್ಲೂಕಿಗೆ ಬರುವ ಎಷ್ಟೋ ಮನೆಗಳಿಗೆ ಈ ಸಂಗತಿ ಗೊತ್ತಿಲ್ಲ. ಫೋನಿನಲ್ಲಾದರೆ ಟೆಲಿ ಮಾನಸ್ 14416, ಇದು 2022ರ ಅಕ್ಟೋಬರ್‌ನಿಂದ ಇದೆ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ತಂಬಾಕು ಬಿಡಲು ನೆರವಾಗುವ ಸಂಖ್ಯೆ ಪೊಟ್ಟಣದ ಮೇಲೇ ಇದೆ, 1800 11 2356. ಗೋಡೆಗಳ ಮೇಲೆ ಅಂಟಿಸಿದ ಇನ್ನೊಂದು ಬಗೆಯ ನಂಬರುಗಳೂ ಇವೆ: ‘ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸುತ್ತೇವೆ’. ಸಾರಿನಲ್ಲಿ ಬೆರೆಸಿ ಕೊಡುವ ಆ ಪುಡಿಗಳಲ್ಲಿ ಏನಿದೆಯೆಂದು ಮನೆಯವರಿಗೆ ಗೊತ್ತಿರುವುದಿಲ್ಲ. ಮದ್ಯ ಮುಟ್ಟಿದರೆ ಮೈ ಕೆಡುವಂತೆ ಮಾಡುವ ಡೈಸಲ್ಫಿರಾಮ್ ಎಂಬ ಔಷಧವನ್ನು ವೈದ್ಯರು ರೋಗಿಯ ಒಪ್ಪಿಗೆಯಿಂದ, ಎಚ್ಚರಿಕೆ ಹೇಳಿ ಕೊಡುತ್ತಾರೆ. ಅಂಥದ್ದನ್ನು ಕದ್ದು ಬೆರೆಸಿದರೆ, ತಿಳಿಯದೆ ಕುಡಿದವನ ರಕ್ತದೊತ್ತಡ ಕುಸಿದು ಪ್ರಾಣವೇ ಹೋಗಬಹುದು. ಮನೆ ಮನೆಗೆ ಹೋಗುವ ವಿದ್ಯಾರ್ಥಿ ಈ ಒಂದು ವಿಷಯ ಹೇಳಿ ಬಂದರೂ ಹೋದದ್ದು ಸಾರ್ಥಕ.

ಮಾತಿಗಿಂತ ಹೆಚ್ಚಿನದನ್ನು ಊರೊಳಗೆ ಕೊಂಡೊಯ್ದವರ ಪರಂಪರೆ ನಮ್ಮಲ್ಲಿದೆ. ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಹೊರಟರು, ಕಾಣಿಕೆ ಬೇಡ, ನಿಮ್ಮ ದುಶ್ಚಟ ಹಾಕಿ ಎಂದರು. ಅವರ ಜನ್ಮದಿನ ಆಗಸ್ಟ್ 1ನ್ನು ರಾಜ್ಯ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಎದುರು ನಿಂತ ಒಬ್ಬ ಮನುಷ್ಯನಿಂದ, ಅವನ ಕೈಯಿಂದಲೇ, ಏನನ್ನೋ ಕೇಳಿ ಪಡೆಯುವ ಕ್ರಮ ಅದು; ಸಾವಿರ ಜನಕ್ಕೆ ಒಟ್ಟಿಗೆ ಪ್ರತಿಜ್ಞೆ ಬೋಧಿಸುವುದಕ್ಕೂ ಇದಕ್ಕೂ ಅಜಗಜಾಂತರ. ನೆರೆಯ ನೆಲ್ಲೂರಿನಲ್ಲಿ ನಡೆದದ್ದು ಇನ್ನೊಂದು ಬಗೆ. 1990ರ ದಶಕದ ಆರಂಭದ ಸಾಕ್ಷರತಾ ಆಂದೋಲನದಲ್ಲಿ ರಾತ್ರಿ ಶಾಲೆಯ ಹೆಂಗಸರು ಸಾರಾಯಿಯ ಬಗ್ಗೆ ಒಂದು ಪಾಠ ಓದಿದರು. ದೂಬಗುಂಟ ಎಂಬ ಹಳ್ಳಿಯಲ್ಲಿ ಓದು ಅಲ್ಲಿಗೆ ನಿಲ್ಲದೆ ಸಾರಾಯಿ ಅಂಗಡಿಯ ಬಾಗಿಲಿಗೆ ಹೋಯಿತು. ಹಳ್ಳಿಯಿಂದ ಹಳ್ಳಿಗೆ ಹಬ್ಬಿದ ಕಿಚ್ಚಿಗೆ ಆಂಧ್ರ ಸರ್ಕಾರ 1993ರಲ್ಲಿ ಸಾರಾಯಿ ನಿಷೇಧಿಸಬೇಕಾಯಿತು. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈನಲ್ಲಿ. ಸಾರಾಯಿ ಹೋಯಿತು, ಅಗ್ಗದ ವಿಸ್ಕಿಯ ಪೊಟ್ಟಣ ಬಂತು. 2019ರ ಜನವರಿಯಲ್ಲಿ ಸಾವಿರಾರು ಹಳ್ಳಿಯ ಹೆಂಗಸರು ಮದ್ಯ ನಿಷೇಧ ಬೇಡುತ್ತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು.

ಅವರಿಗೆ ಸಿಕ್ಕ ಉತ್ತರ ನಮಗೆಲ್ಲ ಗೊತ್ತು. 2025–26ರ ರಾಜ್ಯ ಬಜೆಟ್ ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ. ಮದ್ಯಪಾನ ಸಂಯಮ ಮಂಡಳಿಯೂ ಅದೇ ಸರ್ಕಾರದ್ದು, ಎಂಎಸ್‌ಐಎಲ್ ಮದ್ಯದಂಗಡಿಯೂ ಅದೇ ಸರ್ಕಾರದ್ದು. ಸಂವಿಧಾನದ 47ನೇ ವಿಧಿ ಪಾನನಿಷೇಧದ ಕಡೆಗೆ ಪ್ರಯತ್ನಿಸಬೇಕೆನ್ನುತ್ತದೆ. ಕಾಲೇಜಿನ ಹುಡುಗರು ಈ ಗಂಟನ್ನು ಬಿಡಿಸಲಾರರು, ಆ ಹೊರೆಯನ್ನು ಅವರ ಹೆಗಲಿಗೇರಿಸುವುದೂ ಸಲ್ಲ. ಆದರೆ ಪ್ರತಿಜ್ಞೆ ಬೋಧಿಸಲು ವೇದಿಕೆ ಹತ್ತಿದ ಗಣ್ಯರನ್ನು ಅವರಲ್ಲೊಬ್ಬ ಈ ಅಂಕಿಯ ಬಗ್ಗೆ ಕೇಳಿದರೆ ತಪ್ಪೇನಿಲ್ಲ.

ಅವರ ಅಳವಿನಲ್ಲಿರುವ ಕೆಲಸ ಕಾಲೇಜಿನ ಗೇಟಿನಿಂದಲೇ ಶುರುವಾಗುತ್ತದೆ. ತಂಬಾಕು ನಿಯಂತ್ರಣದ 2003ರ ಕಾಯ್ದೆಯ ಪ್ರಕಾರ ಶಿಕ್ಷಣ ಸಂಸ್ಥೆಯ ಸುತ್ತ 100 ಗಜದೊಳಗೆ ತಂಬಾಕು ಮಾರುವಂತಿಲ್ಲ. ರಾಜ್ಯದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದ ಮೇಲೆ 21 ವರ್ಷದೊಳಗಿನವರಿಗೆ ಎಲ್ಲಿಯೂ ಮಾರುವಂತಿಲ್ಲ, ಹುಕ್ಕಾ ಬಾರ್ ನಡೆಸುವಂತಿಲ್ಲ. ಗುಟ್ಕಾಕ್ಕೆ 2013ರಿಂದಲೇ ನಿಷೇಧವಿದೆ. ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಒಟ್ಟಿಗೆ ಮಾರಿ ಆ ನಿಷೇಧವನ್ನು ದಾಟುವ ಉಪಾಯ ಗೂಡಂಗಡಿಗೆ ಹೋದ ಎಲ್ಲರಿಗೂ ಗೊತ್ತು. ಗೇಟಿನಿಂದ ಟೇಪು ಹಿಡಿದು 91 ಮೀಟರ್ ಅಳೆದು ರಸ್ತೆಗೆ ಹಳದಿ ಗೆರೆ ಬಳಿಯುವ ಅಭಿಯಾನ ರಾಜ್ಯದ ಹಲವೆಡೆ ನಡೆದಿದೆ. ನನಗೆ ಇದು ಇಷ್ಟ, ಏಕೆಂದರೆ ಇದರಲ್ಲಿ ಮಾತಿಲ್ಲ, ಅಳತೆ ಇದೆ. ಗೆರೆಯೊಳಗೆ ಸಿಕ್ಕ ಗೂಡಂಗಡಿಯವನೂ ಬಡವನೇ ಎಂಬುದನ್ನು ಮರೆಯಬಾರದು. ಪೊಲೀಸರಿಗೆ ದೂರು ಕೊಡುವ ಮೊದಲು ಅಂಗಡಿಯ ಅಣ್ಣನ ಜೊತೆ ಮಾತಾಡಿದರೆ ಚಾಕೊಲೇಟು, ಝೆರಾಕ್ಸಿಗೆ ಅಂಗಡಿ ತಿರುಗಿದ್ದೂ ಇದೆ. ಗಾಂಜಾ ಮಾರುವವರ ಬೆನ್ನು ಹತ್ತುವುದು ಮಾತ್ರ ವಿದ್ಯಾರ್ಥಿಗಳ ಕೆಲಸವಲ್ಲ. ಹಾಗೆಯೇ ಸೇದುವವರ ಫೋಟೊ ತೆಗೆದು ಹರಿಬಿಡುವುದು ಸೇವೆಯಲ್ಲ, ಕ್ರೌರ್ಯ.

ಬದಲಾಗುವುದೇ ಇಲ್ಲ ಎಂದು ಕೈಚೆಲ್ಲಲು ಕಾರಣವಿಲ್ಲ. ದೊಡ್ಡವರ ತಂಬಾಕು ಬಳಕೆಯ ರಾಷ್ಟ್ರೀಯ ಸಮೀಕ್ಷೆಯ ಮೊದಲ ಸುತ್ತಿನಲ್ಲಿ ಕರ್ನಾಟಕದ ಪ್ರಮಾಣ ಶೇ 28.2 ಇತ್ತು, 2016–17ರ ಎರಡನೇ ಸುತ್ತಿನಲ್ಲಿ ಶೇ 22.8ಕ್ಕೆ ಇಳಿಯಿತು.

ಗೇಟಿನ ಒಳಗಿನ ಮಾತು ಇನ್ನೂ ಕಷ್ಟದ್ದು. ಊರಿಗೆ ಬುದ್ಧಿ ಹೇಳಲು ಹೋಗುವ ತಂಡದಲ್ಲೇ ‘ಸೊಪ್ಪು’, ಅಂದರೆ ಗಾಂಜಾ, ಸೇದುವವನು ಇರಬಹುದು, ಹಾಸ್ಟೆಲಿನ ಟೆರೇಸಿನಲ್ಲಿ ಏನು ನಡೆಯುತ್ತದೆಂದು ವಾರ್ಡನ್‌ಗಿಂತ ಗೆಳೆಯರಿಗೆ ಮೊದಲೇ ಗೊತ್ತಿರುತ್ತದೆ. ಆದರೆ ಅವರು ಬಾಯಿ ಬಿಡುವುದಿಲ್ಲ. ಹೇಳಿದರೆ ಟಿ.ಸಿ. ಕೊಟ್ಟು ಕಳಿಸುತ್ತಾರೆ, ಪೊಲೀಸ್ ಕೇಸಾಗುತ್ತದೆ, ಅಪ್ಪ ಊರಿಂದ ಬರುತ್ತಾನೆ. ಈ ಭಯ ಆಧಾರವಿಲ್ಲದ್ದಲ್ಲ. ಮಾದಕ ವಸ್ತುಗಳ 1985ರ ಕಾಯ್ದೆಯಲ್ಲಿ ಸೇವನೆಯೂ ಅಪರಾಧವೇ. ಅದೇ ಕಾಯ್ದೆಯಲ್ಲಿ 64ಎ ಎಂಬ ಕಲಮೂ ಇದೆ: ತಾನಾಗಿ ಮುಂದೆ ಬಂದು ಮಾನ್ಯ ಕೇಂದ್ರದಲ್ಲಿ ಚಿಕಿತ್ಸೆ ಪಡೆಯುವ ವ್ಯಸನಿಗೆ, ಸೇವನೆ ಮತ್ತು ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ವಿಚಾರಣೆಯಿಂದ ರಕ್ಷಣೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ವ್ಯಸನದ ತೊಂದರೆಗಳನ್ನು ಕಾಯಿಲೆಯ ಲೆಕ್ಕಕ್ಕೇ ಸೇರಿಸಿದೆ. ಪ್ರತಿಜ್ಞಾವಿಧಿಯ ಹಾಳೆಯ ಹಿಂಬದಿಯಲ್ಲಿ ಇಷ್ಟನ್ನು ಅಚ್ಚು ಹಾಕಿಸಿ, ನೆರವು ಕೇಳಿ ಬಂದವರನ್ನು ಕಾಲೇಜು ಹೊರಹಾಕುವುದಿಲ್ಲ ಎಂದು ಪ್ರಾಂಶುಪಾಲರು ಸಹಿ ಮಾಡಿದರೆ, ಆ ಹಾಳೆಯನ್ನು ವಿದ್ಯಾರ್ಥಿಗಳು ಮಡಿಚಿ ಜೇಬಿನಲ್ಲಿಟ್ಟುಕೊಂಡಾರು. ಈಗ ಅದು ಸಭಾಂಗಣದ ನೆಲದ ಮೇಲೆ ಬಿದ್ದಿರುತ್ತದೆ.

ಉಳಿದದ್ದು ಮರಳಿ ಹೋಗುವ ಕೆಲಸ. ವ್ಯಸನದಿಂದ ಹೊರಬಂದವರು ಮತ್ತೆ ಜಾರುವುದು ಸಾಮಾನ್ಯ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಿಗೆ ‘ನವಜೀವನ ಸಮಿತಿ’ಗಳೆಂಬ ಬಾಲ ಇರುವುದಕ್ಕೂ, ಆಲ್ಕೊಹಾಲಿಕ್ಸ್ ಅನಾನಿಮಸ್ ಗುಂಪುಗಳು ವಾರವಾರ ಸೇರುವುದಕ್ಕೂ ಇದೇ ಕಾರಣ. ಎನ್ನೆಸ್ಸೆಸ್ ಶಿಬಿರಕ್ಕೆ ಮಾತ್ರ ಬಾಲವಿಲ್ಲ. ಏಳನೇ ದಿನ ಸಮಾರೋಪ, ಗ್ರೂಪ್ ಫೋಟೊ, ಬಸ್ಸು. ಮುಂದಿನ ವರ್ಷ ಬೇರೆ ಊರು, ಬೇರೆ ಹುಡುಗರು. ಓಣಿಯಲ್ಲಿ ಮನಸ್ಸು ಬಿಚ್ಚಿದ ಹೆಂಗಸು ಯಾರಿಗೆ ಫೋನು ಮಾಡಬೇಕು? ಅದೇ ಊರನ್ನು ಮೂರು ವರ್ಷ ಹಿಡಿದು, ತಿಂಗಳಿಗೊಮ್ಮೆ ನಾಲ್ಕು ಜನ ಹೋಗಿ ಬಂದರೆ, ಮಂಗಳವಾರದ ಕ್ಲಿನಿಕ್ಕಿಗೆ ಒಬ್ಬರ ಜೊತೆ ಒಬ್ಬ ವಿದ್ಯಾರ್ಥಿ ಬಸ್ಸು ಹತ್ತಿದರೆ, 120 ತಾಸಿನ ಲೆಕ್ಕದೊಳಗೇ ಅದೆಲ್ಲ ಮುಗಿಯುತ್ತದೆ. ಕೊನೆಯ ವರ್ಷದವರು ಹೊರಡುವಾಗ ಆಶಾ ಕಾರ್ಯಕರ್ತೆಯನ್ನೂ ಆಸ್ಪತ್ರೆಯ ಆಪ್ತಸಮಾಲೋಚಕರನ್ನೂ ಕಿರಿಯರಿಗೆ ಪರಿಚಯ ಮಾಡಿಕೊಟ್ಟು ಹೋಗಬೇಕು, ಅಷ್ಟೇ.

ಶಿಬಿರದ ವರದಿ ನಮೂನೆಯಲ್ಲಿ ಭಾಗವಹಿಸಿದ ವಿದ್ಯಾರ್ಥಿಗಳ ಸಂಖ್ಯೆಗೆ, ಗಣ್ಯರ ಹೆಸರಿಗೆ, ಖರ್ಚಿಗೆ, ಫೋಟೊಗಳಿಗೆ ಜಾಗವಿರುತ್ತದೆ. ಈ ಊರಿನಿಂದ ಎಷ್ಟು ಜನ ಆಸ್ಪತ್ರೆಯ ಬಾಗಿಲಿಗೆ ಹೋದರು, ಆರು ತಿಂಗಳ ನಂತರ ಅವರಲ್ಲಿ ಎಷ್ಟು ಮನೆಗಳಿಗೆ ಮತ್ತೆ ಹೋಗಿ ಬಂದೆವು ಎಂಬ ಎರಡು ಕಾಲಂ ಅಲ್ಲಿ ಕಾಣುವುದಿಲ್ಲ. ಹೆಸರು ಬರೆಯುವುದು ಬೇಡ, ಬರೆಯಲೂಬಾರದು. ಸಂಖ್ಯೆ ಸಾಕು. ಮೊದಲ ವರ್ಷ ಅದು ಒಂದೋ ಎರಡೋ ಇದ್ದೀತು, ಸೊನ್ನೆಯೂ ಇರಬಹುದು. ಕಾರ್ಯಕ್ರಮಾಧಿಕಾರಿಗಳು ಆ ಎರಡು ಕಾಲಮ್ಮುಗಳನ್ನು ಕೈಯಿಂದ ಗೆರೆ ಎಳೆದಾದರೂ ಸೇರಿಸಿಕೊಂಡು, ಸೊನ್ನೆಯಿದ್ದರೆ ಸೊನ್ನೆ ಎಂದೇ ಬರೆದು, ಮುಂದಿನ ತಿಂಗಳ ಭೇಟಿಯ ದಿನ ಗೊತ್ತುಮಾಡಿದರೆ ಈ ವರ್ಷದ ಮಟ್ಟಿಗೆ ಕೆಲಸ ಶುರುವಾದಂತೆ.